ಬಿಸಿಲಿಗೆ ಬೆನ್ನು

ಹಸಿರು ಕೌಶಲ ತರಬೇತಿ ಶಾಲೆಯ ಮುಚ್ಚಿದ ಅರ್ಜಿ ಕಿಟಕಿಯನ್ನು ಯಾರೋ ಮೂರು ಬಾರಿ ತಟ್ಟಿದರು. ಅದು ತೆರೆಯಲಿಲ್ಲ. ಮರುಪರೀಕ್ಷೆಯ ಸಾಲಿನಲ್ಲಿದ್ದ ಬಡಗಿಯ ಕಿವಿ ನೆಟ್ಟಗಾಯಿತು: ತನ್ನ ಮುಂದಿದ್ದ ಎಲೆಕ್ಟ್ರಿಷಿಯನ್‌ನನ್ನು, ಜೊತೆಗೆ ಬಂದಿದ್ದ ಆ ಎಲೆಕ್ಟ್ರಿಷಿಯನ್‌ನ ಭಾವ ಕೆಣಕುತ್ತಿದ್ದ.

“ಇಪ್ಪತ್ತು ವರ್ಷ ವೈರು ಎಳೆದವನು ನೀನು. ಮೀನಿಗೆ ಈಜು ಪರೀಕ್ಷೆ, ಅದರಲ್ಲೂ ಫೇಲು!”

“ಸೋಲಾರ್ ಫಲಕದ ಮುಖ ಎತ್ತ ಇರಬೇಕು ಅಂತ ಕೇಳಿದ್ರು, ಭಾವ. ಬಿಸಿಲಿನ ಕಡೆಗೆ ಅಂತ ಬರೆದೆ.”

“ಸರಿಯಾಗೇ ಇದೆಯಲ್ಲ!”

“ತಪ್ಪಂತೆ. ಈ ಶಾಲೆ ಮಾಳಿಗೆ ನೋಡಿ ಕಲೀಬೇಕಂತೆ. ಅಲ್ಲಿ ಫಲಕಗಳು ಬಿಸಿಲಿಗೆ ಬೆನ್ನು ಹಾಕಿ ರಸ್ತೆ ನೋಡ್ತಾ ಕೂತಿವೆ. ಉದ್ಘಾಟನೆ ಫೋಟೋದಲ್ಲಿ ಚೆನ್ನಾಗಿ ಕಾಣಲಿ ಅಂತ.”

“ಪುರಸಭೆಯೂ ಕೇಂದ್ರ ಸರ್ಕಾರವೂ ಕೈ ಜೋಡಿಸಿದ ಯೋಜನೆ ಅಲ್ವೇನೋ ಇದು?”

“ಹೌದು. ಪುರಸಭೆ ಮಾಳಿಗೆ ಕೊಡ್ತು, ಕೇಂದ್ರ ಸರ್ಕಾರ ಫಲಕ ಕೊಡ್ತು. ಬಿಸಿಲು ಕೊಡೋದು ಯಾರು ಅಂತ ಒಪ್ಪಂದದಲ್ಲಿ ಬರೆದಿಲ್ಲ.”

“ಸರ್ಟಿಫಿಕೇಟ್ ಸಿಗದಿದ್ರೆ?”

“ನಾಳೆಯಿಂದ ಏಣಿ ಹತ್ತೋ ಹಾಗಿಲ್ಲ, ಕೆಲಸ ಹೋದ ಹಾಗೇ. ಇವತ್ತು ರಸ್ತೆ ಕಡೆಗೆ ಅಂತಲೇ ಬರೀತೀನಿ.”

“ಥೂ! ಅವನ್ನ ಹಾಗೆ ಕೂರಿಸಿದ ಪುಣ್ಯಾತ್ಮ ಯಾರಪ್ಪಾ?”

ಕಿಟಕಿ ತೆರೆಯಿತು. ಎಲೆಕ್ಟ್ರಿಷಿಯನ್ ಅರ್ಜಿ ಹಿಡಿದು ಮುಂದೆ ನಡೆದ. ತಿರುಗಿ ನೋಡದೆಯೇ ಹೇಳಿದ.

“ನಾನೇ, ಭಾವ.”