ಹಿಡಿ ಇರೋ ನ್ಯಾಪಿ

ಇಲ್ಲ ಜಯದೇವಕ್ಕ, ಒಂದಕ್ಕೆ ಹೋದ್ರೆ ಇದು ತಡಿಯಲ್ಲ. ಎರಡಕ್ಕೆ ಹೋದ್ರೆ ಮಾತ್ರ... ಯಾಕೆ ನಗ್ತಿದ್ದೀರಾ? ನಿಜವಾಗ್ಲೂ! ಸ್ವಿಮ್ಮಿಂಗ್ ಪೂಲ್‌ಗೆ ಅಂತಾನೇ ಮಾಡಿರೋ ನ್ಯಾಪಿ ಇದು. ಮಾಮೂಲಿ ಡೈಪರ್ ಹಾಕಿ ಇಳಿಸಿದ್ರೆ ನೀರೆಲ್ಲಾ ಹೀರ್ಕೊಂಡು ಇಡ್ಲಿ ಹಿಟ್ಟಿನ ಥರ ಉಬ್ಬುತ್ತಂತೆ. ಇದನ್ನ ಒಗೆದು ಒಣಗಿಸಿ ಮತ್ತೆ ಹಾಕ್ಬಹುದು. ಹೂಂ, ನಿಮ್ಮ ಮಗಳ ಕಾಲಕ್ಕೆ, ಎಂಬತ್ತೆಂಟರಲ್ಲಿ, ಲಂಗೋಟಿ ಸಾಕಿತ್ತು. ಒಪ್ಪಿದೆ.

ನಮ್ಮ ಜೆ.ಪಿ. ನಗರದ ಅಪಾರ್ಟ್‌ಮೆಂಟಲ್ಲಿ ಪಾಪುಗಳಿಗೆ ಈಜು ಕ್ಲಾಸ್ ಶುರುವಾಗಿದೆ. ಏಳು ತಿಂಗಳ ಪಾಪುಗೂ! ಅಮ್ಮ ಎತ್ಕೊಂಡು ನೀರಿಗಿಳೀಬೇಕು, ಅಷ್ಟೇ. ನಮ್ಮನೆಯವರೇ ಹೆಸರು ಬರೆಸಿ ಬಂದ್ರು. ಇವತ್ತು ಸಾಯಂಕಾಲ ಐದಕ್ಕೆ ಮೊದಲನೇ ಕ್ಲಾಸ್.

ಫೋರ್ತ್ ಬ್ಲಾಕ್ ಅಂಗಡಿಯಿಂದ ಎರಡು ಥರ ತಂದಿದ್ದೀನಿ ನೋಡಿ. ಇದು ಚಡ್ಡಿ ಥರ ಎಳೆದು ಹಾಕೋದು... ಬಿಚ್ಚುವಾಗ ಗಲೀಜೆಲ್ಲಾ ಕಾಲಿಗೆ. ಇದಕ್ಕೆ ಪಕ್ಕದಲ್ಲಿ ಗುಂಡಿ. ಗುಂಡೀದೇ ಇರ್ಲಿ ಅಲ್ವಾ? ನಂಗೂ ಹಾಗೇ ಅನ್ನಿಸ್ತು. ಅನ್ನಿಸ್ತು ಅಂತ... ಏನೂ ಅನ್ನಿಸಲ್ಲ ಅಕ್ಕ ಈಚೆಗೆ. ಅಂಗಡೀಲಿ ಒಂದು ಗಂಟೆ ನಿಂತಿದ್ದೆ. ನೀಲಿ ಬೇಕಾ ಹಳದಿ ಬೇಕಾ ಮೇಡಂ ಅಂತ ಕೇಳಿ ಕೇಳಿ ಅಂಗಡಿ ಹುಡುಗಿ ಸುಸ್ತಾದ್ಳು.

ತೊಡೆ ಹತ್ರ ಬಿಗಿ ಇರ್ಬೇಕು, ಇಲ್ಲಿ ಸ್ವಲ್ಪ ಎಲಾಸ್ಟಿಕ್ ಹಿಡೀರಿ. ಮತ್ತೆ... ಹಿಂದೆ, ಸೊಂಟದ ಹತ್ರ, ಒಂದು ಪಟ್ಟಿ ಹೊಲಿದುಕೊಡಿ. ದಪ್ಪ ಪಟ್ಟಿ. ಸ್ಕೂಲ್ ಬ್ಯಾಗಿಗೆ ಇರುತ್ತಲ್ಲ, ಆ ಥರ ಹಿಡಿ.

ನಗಿ, ನಗಿ! ಯಾವ ಕಂಪನೀನೂ ಇಡಲ್ಲ, ಗೊತ್ತು. ನನಗಲ್ಲ ಅಕ್ಕ. ಪಕ್ಕದಲ್ಲಿ ನಿಂತಿರೋ ಟೀಚರ್ ಹಿಡ್ಕೊಳ್ಳೋಕೆ.

ನೀನಿರ್ತೀಯಲ್ಲ ಅಂತೀರಾ? ಇರ್ತೀನಿ. ಆವತ್ತೂ ಇದ್ದೆ...

ಅದೇ, ಟಬ್ಬಿನ ವಿಷಯ. ಅತ್ತೆ ಹೇಳಿರ್ತಾರಲ್ಲ ನಿಮ್ಗೆ. ಅವರು ಕಾಲು ನೀಡ್ಕೊಂಡು, ಮಗೂನ ಕಾಲ ಮೇಲೆ ಮಲಗಿಸ್ಕೊಂಡು, ಎಣ್ಣೆ ತಿಕ್ಕಿ ನೀರೆರೀತಾರೆ. ಅವರ ಕಾಲಿಂದ ಯಾವ ಕೂಸೂ ಜಾರಿಲ್ಲ. ಆವತ್ತು ದೇವಸ್ಥಾನಕ್ಕೆ ಹೋಗಿದ್ರು. ನಂಗೆ ಹಾಗೆ ಎರೆಯೋಕೆ ಬರಲ್ಲ, ಟಬ್ಬಲ್ಲಿ ಕೂರಿಸಿದೆ. ಎಣ್ಣೆ ಮೈ, ಸೋಪು... ನೀರೊಳಗೆ ಜಾರಿಹೋದ್ಳು. ಎಲ್ಲರ ಕೈಲೂ ಜಾರುತ್ತೆ ಬಿಡು ಅಂದ್ರು. ಇವರು ಅಂದ್ರು, ಅತ್ತೆ ಅಂದ್ರು, ಡಾಕ್ಟ್ರೂ ಅಂದ್ರು. ಸಮನ್ವಿತಾಗೆ ಏನೂ ಆಗ್ಲಿಲ್ಲ. ಕೆಮ್ಮಿದ್ಳು, ಅತ್ಳು, ಅಷ್ಟೇ. ಆಮೇಲಿಂದ ನಾನೇ ಅವಳನ್ನ ನೀರಿನ ಹತ್ರ ಕರ್ಕೊಂಡು ಹೋಗಿಲ್ಲ. ನನ್ನ ಭಯ ಬಿಡಿಸೋಕೇ ಈ ಕ್ಲಾಸು.

ಯಾಕೆ ಮಷೀನ್ ನಿಲ್ಲಿಸಿದ್ರಿ? ಹೊಲೀರಿ. ಟೈಮಿಲ್ಲ.

ಹಾಗೆ ನೋಡ್ಬೇಡಿ ಅಕ್ಕ. ಎಣ್ಣೆ ಇತ್ತು ಅಂದ್ನಲ್ಲ... ಸೋಪು...

ಇರ್ಲಿಲ್ಲ. ಎಣ್ಣೇನೂ ಇರ್ಲಿಲ್ಲ, ಸೋಪು ಇನ್ನೂ ಹಚ್ಚೇ ಇರ್ಲಿಲ್ಲ. ನಾನೇ ಕೈ ತೆಗೆದೆ. ತೆಗೆದು ನೋಡ್ತಾ ಕೂತೆ. ಕೋಪ ಇರ್ಲಿಲ್ಲ ಅಕ್ಕ, ಏನೂ ಇರ್ಲಿಲ್ಲ. ಪಕ್ಕದ ಮನೆ ಕುಕ್ಕರ್ ಕೂಗ್ತು. ಆಗ ಎತ್ಕೊಂಡೆ.

ಏನಾದ್ರೂ ಅನ್ನಿ. ಬೈರಿ. ಎಲ್ಲರೂ ಇಳಿ, ಧೈರ್ಯವಾಗಿ ಇಳಿ, ಏನೂ ಆಗಲ್ಲ ಅಂತಾರೆ. ಅಕ್ಕ... ನೀವಾದ್ರೂ ಒಂದು ಸಲ ಬೇಡ ಅನ್ನಿ.