ಅಟ್ಟದ ಮ್ಯಾಲಿನ ಸೈಕಲ್

ಉಣಕಲ್ಲಿನಲ್ಲಿ ಎಲುಬಿನ ಡಾಕ್ಟರ ಹತ್ತಿರ ಪಾಳಿಗೆ ಕುಂತಿದ್ದೆ. ಪಕ್ಕದಲ್ಲಿ ಇಬ್ಬರು ಹೆಂಗಸರು. ಹಿರಿಯಾಕೆ ಚೀಲದಿಂದ ಸೈಕಲ್ಲಿನ ಹಳೇ ಟ್ಯೂಬ್ ತೆಗೆದು, ಪಾದಕ್ಕೆ ಸಿಗಿಸಿ, ಎರಡೂ ಕೈಯಿಂದ ಜಗ್ಗಿ ತೋರಿಸುತ್ತಿದ್ದರು.

“ದಿನಾ ಹಿಂಗ ಇಪ್ಪತ್ತು ಸಲ ಜಗ್ಗತೇನಿ, ಬೀರವ್ವ. ಈಗ ಮೊಣಕಾಲು ಮಡಚತೈತಿ.”

“ಖರೇನ, ರತ್ನಕ್ಕ?”

“ನಿನ್ನೆ ನೆಲದ ಮ್ಯಾಲ ಕುಂತು ಹನ್ನೆರಡು ರೊಟ್ಟಿ ಬಡದೇನಿ.”

“ಅಯ್ಯ ಶಿವನ! ಟ್ಯೂಬ್ ಎಲ್ಲಿ ಸಿಕ್ತ್ರಿ?”

“ನಮ್ಮ ಮನಿಯವರ ಸೈಕಲ್ಲಿಂದು. ಸ್ಕೂಟರ್ ಬಂದಾಗಿಂದ ಅಟ್ಟದ ಮ್ಯಾಲ ಬಿದ್ದೈತಿ. ಇದು ಮುಂದಿನ ಗಾಲಿದು.”

“ಹಿಂದಿನ ಗಾಲಿದು?”

“ಅದನ್ನ ಕೈಬಳಿ ಹಂಗ ಕತ್ತರಿಸಿಬಿಟ್ಟೆ. ಉಪ್ಪಿನಕಾಯಿ ಭರಣಿ ಬಾಯಿಗೆ ಬಟ್ಟಿ ಬಿಗಿಯಾಕ ಒಂದು. ಮಂಚದ ಕಾಲಿಗೆ ನಾಕು. ಈ ಕೋಲಿನ ತುದಿ ನೋಡು, ಫರಸಿ ನೆಲದ ಮ್ಯಾಲ ಜಾರಂಗಿಲ್ಲ.”

“ನಿಮ್ಮ ಮನಿಯವರು ಏನಂದ್ರು?”

“ಅವರಿಗೆ ಇನ್ನೂ ಗೊತ್ತಿಲ್ಲ. ತಮ್ಮ ಮೊಣಕಾಲು ತೋರಸಾಕ ಒಳಗ ಹೋಗ್ಯಾರ.”

“ನನಗೂ ಬೇಕ್ರಿ. ಇವತ್ತ ಪಂಕ್ಚರ್ ಅಂಗಡ್ಯಾಗ ಕೇಳತೇನಿ.”

ಬಾಗಿಲು ತೆರೆಯಿತು. ರತ್ನಕ್ಕನ ಯಜಮಾನರು ಚೀಟಿ ಹಿಡಿದು ನಗುತ್ತಾ ಬಂದರು.

“ಗುಳಿಗಿ ಬ್ಯಾಡಂತ. ದಿನಾ ಸೈಕಲ್ ಹೊಡೀರಿ ಅಂದ್ರು. ಅಟ್ಟದ ಮ್ಯಾಲಿಂದು ಇವತ್ತ ಇಳಸತೇನಿ.”

ರತ್ನಕ್ಕ ಟ್ಯೂಬನ್ನು ಮೆಲ್ಲಗೆ ಚೀಲಕ್ಕೆ ತುರುಕಿದರು. ಬೀರವ್ವ ಸೆರಗು ಬಾಯಿಗೆ ಹಿಡಿದರು.

“ಬರೇ ಗಾಳಿ ಹೊಡದ್ರ ಸಾಕು. ಟ್ಯೂಬ್ ಎರಡೂ ಭಾಳ ಗಟ್ಟಿ ಅದಾವು,” ಎಂದರು ಯಜಮಾನರು.

“ಗಟ್ಟಿ ಅದಾವ್ರಿ. ನಾನೂ ಜಗ್ಗಿ ನೋಡೇನಿ,” ಎಂದು ಕೋಲೂರಿ ಎದ್ದ ರತ್ನಕ್ಕ, ಅವರಿಗಿಂತ ಮುಂದೆಯೇ ಮೆಟ್ಟಿಲು ಇಳಿದು ಹೋದರು.