ಫಿಲಿಪೈನ್ಸ್ ದೇಶವೂ ನನ್ನ ವಾರಗಿತ್ತಿಯೂ

ಬೇಗ ಮುಗಿಸಿ ಎಂದು ಕಣ್ಣಲ್ಲೇ ಹೇಳುತ್ತಿರುವ ಅಧ್ಯಕ್ಷರಾದ ಶಾಂತವೀರಪ್ಪನವರೇ, ಚಳ್ಳಕೆರೆಯಿಂದ ಬಿಸಿಲಲ್ಲಿ ಬಂದ ಅತಿಥಿಗಳೇ, ನನ್ನ ಸಹೋದ್ಯೋಗಿಗಳೇ, ಊಟಕ್ಕೆ ಪಾಯಸ ಐತೋ ಇಲ್ಲವೋ ಎಂದು ಪಿಸುಗುಟ್ಟುತ್ತಿರುವ ಹತ್ತನೇ ತರಗತಿಯ ಮಕ್ಕಳೇ, ಮತ್ತು ಕೊಂಡ್ಲಹಳ್ಳಿಯ ಸಮಸ್ತ ಸಭಿಕರೇ,

"ಮೂವತ್ತೊಂದು ವರ್ಷ ಇತಿಹಾಸ ಕಲಿಸಿದ ವನಜಾಕ್ಷಿ ಮೇಡಂ ಇಂದು ನಿವೃತ್ತರಾಗುತ್ತಿದ್ದಾರೆ" ಎಂದು ನಿರೂಪಣೆ ಮಾಡುತ್ತಿರುವ ದೀಪಿಕಾ ಮೈಕಿನಲ್ಲಿ ಹೇಳಿದಾಗ, ಪಾಪ ಯಾರೋ ಹೋಗುತ್ತಿದ್ದಾರೆ ಎಂದುಕೊಂಡೆ. ಆಮೇಲೆ ನಾನೇ ಎಂದು ಹೊಳೆಯಿತು. ಮುಖ್ಯೋಪಾಧ್ಯಾಯರು ಹೇಳಿದ್ದಾರೆ: "ಮೇಡಂ, ಕಣ್ಣೀರು ಗಿಣ್ಣೀರು ಬ್ಯಾಡ. ಅಮೆರಿಕದ ಸಾಮ್ರಾಜ್ಯದ ಪಾಠ ಚೆನ್ನಾಗಿ ಮಾಡ್ತೀರಿ, ಕೊನೇ ಸಲ ಅದನ್ನೇ ಮಾಡ್ಬಿಡ್ರಿ." ಆಗಲಿ, ಮಾಡುತ್ತೇನೆ.

ಸಾಮ್ರಾಜ್ಯ ನಮಗೆ ಹೊಸದೇ? ಇಲ್ಲೇ ಬ್ರಹ್ಮಗಿರಿಯಲ್ಲಿ ನೋಡಿ. ಎಲ್ಲೋ ಪಾಟಲಿಪುತ್ರದಲ್ಲಿ ಕುಳಿತ ಅಶೋಕ, ತಂದೆತಾಯಿಯ ಮಾತು ಕೇಳಿರಪ್ಪ ಎಂದು ನಮ್ಮ ಬಂಡೆಯ ಮೇಲೆ ಬರೆಸಿದ. ಮದುವೆಯಾದ ಹೊಸತರಲ್ಲಿ ಈ ವಿಷಯವನ್ನು ನಮ್ಮ ಅತ್ತೆ ಸೂರಮ್ಮನವರಿಗೆ ಹೇಳಿ ಕೆಟ್ಟೆ. "ನೋಡ್ದೇನವ್ವಾ, ರಾಜನೇ ಬರೆಸ್ಯಾನೆ" ಎಂದು ಎರಡು ವರ್ಷ ಅದನ್ನೇ ಆಡಿದರು. ಆ ಬಂಡೆಯ ಮೇಲೆ ಅತ್ತೆಯ ಹೆಸರಿಲ್ಲ ಎನ್ನುವ ಧೈರ್ಯ ನನಗೆ ಬರಲಿಲ್ಲ.

ನಮ್ಮ ಅತ್ತೆಯವರದು ಯುರೋಪಿನ ಪದ್ಧತಿ. ಬ್ರಿಟಿಷರು, ಫ್ರೆಂಚರು, ಸ್ಪೇನಿನವರು ಏನು ಮಾಡಿದರು? ಬಂದರು, ಬಾವುಟ ನೆಟ್ಟರು, ಇದು ನಮ್ಮದು ಎಂದರು. ಅತ್ತೆಯೂ ಹಾಗೆಯೇ. ಉಗ್ರಾಣದ ಕೀಲಿ ಅವರ ಸೊಂಟದಲ್ಲಿ, ಶೇಂಗಾ ಎಣ್ಣೆಯ ಡಬ್ಬಿ ಅವರ ಮಂಚದ ಕೆಳಗೆ. ಒಲೆಯ ಮುಂದೆ ಯಾರು ಕೂರಬೇಕು, ಮುದ್ದೆ ಯಾರು ತಿರುವಬೇಕು, ಎಲ್ಲಕ್ಕೂ ಅವರ ಅಪ್ಪಣೆ. ನಾನು ಬಿ.ಎಡ್. ಮಾಡಿದವಳು, ಒಗ್ಗರಣೆಗೆ ಸಾಸಿವೆಯನ್ನು ಅರ್ಜಿ ಹಾಕಿದಂತೆ ಕೇಳಿ ಪಡೆಯಬೇಕಿತ್ತು. ಅವರ ಇಬ್ಬರು ಗಂಡುಮಕ್ಕಳು, ಅಂದರೆ ನಮ್ಮ ಯಜಮಾನರೂ ಮೈದುನ ದುರುಗಣ್ಣನೂ, ಆಗಲೂ ಅಲಿಪ್ತ ರಾಷ್ಟ್ರಗಳು, ಈಗಲೂ ಅಲಿಪ್ತ ರಾಷ್ಟ್ರಗಳು. ನಗಬೇಡಿ, ಇಬ್ಬರೂ ಹಿಂದಿನ ಸಾಲಿನಲ್ಲಿದ್ದಾರೆ.

ಇನ್ನು ಅಮೆರಿಕ. ಅದು ತಾನೇ ಬ್ರಿಟಿಷರನ್ನು ಓಡಿಸಿ ಸ್ವತಂತ್ರವಾದ ದೇಶ. ಹಾಗಾಗಿ, ಆಳುವ ಚಟ ನಮಗಿಲ್ಲಪ್ಪ ಎಂದೇ ಹೇಳಿಕೊಳ್ಳುತ್ತಿತ್ತು. ಆದರೆ ಫಿಲಿಪೈನ್ಸಿನಲ್ಲಿ ಏನಾಯಿತು? ಅಲ್ಲಿ ಸ್ಪೇನ್ ಮುನ್ನೂರು ವರ್ಷ ಆಳಿತ್ತು, ಜನ ದಂಗೆ ಎದ್ದಿದ್ದರು. 1898ರಲ್ಲಿ ಅಮೆರಿಕದ ಹಡಗುಗಳು ಬಂದವು. ಸ್ಪೇನ್ ಸೋತಿತು. ದೇಶ ಯಾರ ಕೈಗೆ ಹೋಗಬೇಕಿತ್ತು? ಜನರ ಕೈಗೆ. ಯಾರ ಕೈಗೆ ಹೋಯಿತು? ಅಮೆರಿಕದ ಕೈಗೆ! ಯಾಕೆ ಎಂದು ಕೇಳಿದವರ ಮೇಲೆ ಯುದ್ಧವೇ ಆಯಿತು, ಲಕ್ಷಗಟ್ಟಲೆ ಜನ ಸತ್ತರು. ನಿಮಗಿನ್ನೂ ಆಳಿಕೊಳ್ಳಲು ಬರುವುದಿಲ್ಲ, ಕಲಿಸಿಕೊಟ್ಟು ಹೋಗುತ್ತೇವೆ ಎಂದರು. ಕಲಿಸುವುದಕ್ಕೆ ಒಂದು ಹಡಗಿನ ತುಂಬ ಮೇಷ್ಟ್ರುಗಳನ್ನೇ ತಂದು ಇಳಿಸಿದರು. ನಮ್ಮ ವೃತ್ತಿಯವರು ಎಲ್ಲಿ ಹೋದರೂ ಬಿಡುವುದಿಲ್ಲ ನೋಡಿ.

ಪ್ರತಿ ವರ್ಷ ಈ ಜಾಗಕ್ಕೆ ಬಂದಾಗ ನಾನು ಕೆಮ್ಮಿ ಪಾಠ ನಿಲ್ಲಿಸುತ್ತಿದ್ದೆ. ಸೀಮೆಸುಣ್ಣದ ಧೂಳು ಎಂದು ಮಕ್ಕಳು ನೀರು ತಂದುಕೊಡುತ್ತಿದ್ದರು. ಧೂಳಲ್ಲ ಮಕ್ಕಳೇ. ಕಾರಣ ಇವತ್ತು ಹೇಳಿಬಿಡುತ್ತೇನೆ.

ಇಪ್ಪತ್ತೇಳು ವರ್ಷದ ಹಿಂದೆ ಮೊಳಕಾಲ್ಮೂರಿನಿಂದ ಗೀತಮ್ಮ ನಮ್ಮ ಮನೆ ತುಂಬಿದಳು. ದುರುಗಣ್ಣನ ಹೆಂಡತಿ, ನನ್ನ ವಾರಗಿತ್ತಿ, ಹತ್ತೊಂಬತ್ತರ ಹುಡುಗಿ. ಮೂರನೇ ದಿನಕ್ಕೆ ಅತ್ತೆಯ ಕೈಲಿ ಬೈಸಿಕೊಂಡು ಬಚ್ಚಲಲ್ಲಿ ಅಳುತ್ತಿದ್ದಳು. ನಾನು ಹೋಗಿ, "ಅಳಬ್ಯಾಡ ಸುಮ್ನಿರೇ, ನಾನಿಲ್ವಾ? ನಿನ್ನ ಬಿಡಿಸ್ತೀನಿ" ಎಂದೆ. ಬಿಡಿಸಿಯೂ ಬಿಟ್ಟೆ. ಒಂದು ವರ್ಷ ಅತ್ತೆಗೂ ನನಗೂ ಮಾತಿಗೆ ಮಾತು. ಕೊನೆಗೆ ಅವರು "ತಗಳ್ರಿ, ನೀವೇ ಆಳ್ಕಳ್ರಿ" ಎಂದು ಕೀಲಿಗೊಂಚಲನ್ನು ನಡುಮನೆಯಲ್ಲಿ ಎಸೆದು ಮಗಳ ಮನೆಗೆ ಹೊರಟರು. ಗೀತಾ ಬಗ್ಗಿ ಕೀಲಿ ಎತ್ತಿಕೊಂಡಳು. ನಾನು ಕೈ ಚಾಚಿದೆ. "ಸ್ವಲ್ಪ ದಿನ ನನ್ನತ್ರ ಇರ್ಲಿ, ನೀನಿನ್ನೂ ಸಣ್ಣೋಳು" ಎಂದೆ. ಕೊಟ್ಟಳು.

ಆ ಸ್ವಲ್ಪ ದಿನಕ್ಕೆ ಈಗ ಇಪ್ಪತ್ತಾರು ವರ್ಷ. ನಾನೇನು ಅತ್ತೆಯಂತೆ ಬೈದೆನೇ? ಒಂದು ದಿನವೂ ಇಲ್ಲ. ಹಬ್ಬಕ್ಕೆ ನನಗೊಂದು ಸೀರೆ ತಂದರೆ ಅವಳಿಗೂ ಒಂದು. ಬಣ್ಣ ಮಾತ್ರ ನಾನೇ ಆರಿಸುತ್ತಿದ್ದೆ. ಅಡುಗೆ ಅವಳದೇ, ಏನು ಅಡುಗೆ ಎನ್ನುವುದು ನನ್ನದು. ತವರಿಗೆ ಯಾವಾಗ ಬೇಕಾದರೂ ಹೋಗಬಹುದಿತ್ತು, ನನಗೆ ರಜೆ ಇದ್ದಾಗ. ಸಮಯಪಾಲನೆಗೆ ಹೆಸರಾದವರು ಎಂದು ಅಧ್ಯಕ್ಷರು ಈಗಷ್ಟೇ ನನ್ನನ್ನು ಹೊಗಳಿದರಲ್ಲ, ಸ್ವಾಮಿ, ಆ ಸಮಯಪಾಲನೆ ದಿನಾ ಐದಕ್ಕೆ ಎದ್ದು ರೊಟ್ಟಿ ತಟ್ಟಿ ನನ್ನ ಡಬ್ಬಿಗೆ ಹಾಕುತ್ತಿತ್ತು. ಈ ಶಾಲನ್ನು ನೀವು ತಪ್ಪು ಹೆಗಲಿಗೆ ಹೊದಿಸಿದ್ದೀರಿ.

ಹೋದ ತಿಂಗಳು ಗೀತಾ ಬಂದು ನಿಂತಳು. "ಅಕ್ಕಾ, ಒಲೆ ಬೇರೆ ಮಾಡ್ಕಂತೀನಿ. ಜಗಳ ಅಂತ ಅಲ್ಲ. ನನಗೂ ನಲವತ್ತಾರು ಆತು. ಇವತ್ತು ಏನ್ ಮಾಡ್ಲಿ ಅಂತ ಯಾರ್ನೂ ಕೇಳ್ದೆ ಒಂದಿನ ಅಡುಗೆ ಮಾಡ್ಬೇಕು" ಎಂದಳು. ಒಂದೇ ಮನೆಯಲ್ಲಿ ಎರಡು ಒಲೆ ಹೊತ್ತಿದರೆ ಊರು ಏನೆನ್ನುತ್ತದೆ? ಮನೆ ಒಡೆಯಿತು ಎನ್ನುತ್ತದೆ. "ನಾನೇನ್ ಕಡಿಮೆ ಮಾಡೀನೇ ನಿನಗೆ? ಒಬ್ಳೇ ನಡೆಸಾಕೆ ನಿನ್ ಕೈಲಾಗಲ್ಲ" ಎಂದೆ. ಮೂರು ಸಲ ಕೇಳಿದಳು, ಮೂರು ಸಲವೂ ನನ್ನ ನಿವೃತ್ತಿ ಆಗಲಿ ನೋಡೋಣ ಎಂದೆ.

ಇವತ್ತು ಉದಾರಿಯಾಗಿ ಚೀಟಿ ಬರೆದುಕೊಂಡು ಬಂದಿದ್ದೇನೆ. ಓದುತ್ತೇನೆ: "ನನ್ನ ನಿವೃತ್ತಿಯ ಈ ಶುಭದಿನದ ಕಾಣಿಕೆಯಾಗಿ ಗೀತಮ್ಮನಿಗೆ ಬೇರೆ ಒಲೆಯನ್ನು ಅನುಗ್ರಹಿಸುತ್ತಿದ್ದೇನೆ."

ಚಪ್ಪಾಳೆ ಬೇಡ, ನಿಲ್ಲಿಸಿ. ಬರೆಯುವಾಗ ಬಹಳ ಚೆನ್ನಾಗಿತ್ತು. ಗಟ್ಟಿಯಾಗಿ ಓದಿದರೆ ನಾಚಿಕೆಯಾಗುತ್ತಿದೆ. ಪಾಠದ ಕೊನೆಯ ಭಾಗವನ್ನು ನುಂಗಿಕೊಂಡಿದ್ದೆ, ಹೇಳಲೇಬೇಕು. ಅಮೆರಿಕ ಫಿಲಿಪೈನ್ಸಿಗೆ ಸ್ವಾತಂತ್ರ್ಯ ಕೊಟ್ಟದ್ದು 1946ರಲ್ಲಿ. ಯಾವ ದಿನ? ಜುಲೈ ನಾಲ್ಕು. ಅಮೆರಿಕದ ಸ್ವಂತ ಸ್ವಾತಂತ್ರ್ಯದ ದಿನ! ಹದಿನಾರು ವರ್ಷ ಆದಮೇಲೆ ಆ ಜನ, ನೀವು ಕೊಟ್ಟ ದಿನ ನಮಗೆ ಬೇಡ, 1898ರ ಜೂನ್ ಹನ್ನೆರಡಕ್ಕೆ ನಾವೇ ಸ್ವಾತಂತ್ರ್ಯ ಸಾರಿಕೊಂಡಿದ್ದೆವು, ಅದೇ ನಮ್ಮ ದಿನ ಎಂದು ಬದಲಾಯಿಸಿಕೊಂಡರು.

ನಿನ್ನೆ ಬೆಳಿಗ್ಗೆ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕುಕ್ಕರ್ ಕೂಗಿತು. ಅಡುಗೆಮನೆಯಲ್ಲಲ್ಲ, ಹಿಂದಿನ ಕೋಣೆಯಲ್ಲಿ. ಗೀತಾ ಒಲೆ ತಂದು ಹಚ್ಚಿದ್ದಳು. ನಾನು ಕೇಳಿಸದವಳ ಹಾಗೆ ದೇವರ ಮುಂದೆ ಕೂತಿದ್ದೆ. ಅವಳು ಆಗಲೇ ತೆಗೆದುಕೊಂಡದ್ದನ್ನು ಇವತ್ತು ಕೊಡುತ್ತೇನೆಂದು ನಿಂತಿದ್ದೇನಲ್ಲ, ನನಗೆ ಏನನ್ನಬೇಕು? ಇಗೋ, ಈ ಚೀಟಿಯನ್ನು ಹರಿದುಹಾಕಿದೆ.

ಗೀತಾ, ಮೂರನೇ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದೀಯ. ತಲೆ ಎತ್ತವ್ವಾ. ನಿನ್ನ ದಿನ ನಿನ್ನೆ, ಇವತ್ತಲ್ಲ. ಇಷ್ಟು ವರ್ಷ ನಿನ್ನನ್ನು ಆಳಿದೆ, ತಪ್ಪಾಯಿತು. ನಿನ್ನ ಕೋಣೆಗೆ ನಾನು ಯಾವತ್ತೂ ಬಾಗಿಲು ತಟ್ಟಿ ಬಂದವಳಲ್ಲ. ಇವತ್ತು ಸಂಜೆ ತಟ್ಟುತ್ತೇನೆ. ಕೆಲಸವಿದ್ದರೆ "ಆಮೇಲೆ ಬಾ ಅಕ್ಕ" ಎನ್ನು. ಹೊರಗೆ ಕಟ್ಟೆಯ ಮೇಲೆ ಕೂತಿರುತ್ತೇನೆ.

ನನ್ನನ್ನು ಮೂವತ್ತೊಂದು ವರ್ಷ ಸಹಿಸಿದ ಈ ಶಾಲೆಗೂ, ಹಸಿವಿನಲ್ಲೂ ಕೂತು ಕೇಳಿದ ನಿಮಗೂ ನಾನು ಋಣಿ. ಎಲ್ಲರಿಗೂ ನಮಸ್ಕಾರ.